ಸಹಾಯ ಬೇಕು: ಇದ್ದಿಲು ಸೇರಿಸಿದ ಮಡಿಗಳಿಗೆ ಯೂರಿಯಾ ಎಷ್ಟು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಕೆಂಪು ಮಣ್ಣಿನಲ್ಲಿ ನಾವು ದಂಟು, ಪಾಲಕ್ ಮತ್ತು ಕೊತ್ತಂಬರಿ ಬೆಳೆಯುತ್ತೇವೆ. ಮೂರು ವರ್ಷಗಳ ಹಿಂದೆ ಬಳ್ಳಾರಿ ಜಾಲಿಯ ಕಟ್ಟಿಗೆಯನ್ನು ಗುಂಡಿಯಲ್ಲಿ ಸುಟ್ಟು ತಯಾರಿಸಿದ ಬಯೋಚಾರ್ (ಮಣ್ಣಿಗೆ ಸೇರಿಸುವ ಇದ್ದಿಲು) ಅನ್ನು ಗುಂಟೆಗೆ 100 ಕಿಲೋದಂತೆ, ಅಂದರೆ ಹೆಕ್ಟೇರಿಗೆ ಸುಮಾರು 10 ಟನ್ ಲೆಕ್ಕದಲ್ಲಿ, ನಾಲ್ಕು ಗುಂಟೆ ಜಾಗಕ್ಕೆ ಒಂದೇ ಒಂದು ಬಾರಿ ಸೇರಿಸಿದ್ದೆವು.

ಮೊದಲ ಎರಡು ಬೆಳೆಗಳಲ್ಲಿ ಎಲೆಗಳು ಹಳದಿ ತಿರುಗಿ ಸೊರಗಿದವು. ಕೊಟ್ಟಿಗೆ ಗೊಬ್ಬರದೊಡನೆ ಕೊಳೆಸದೆ ನೇರವಾಗಿ ಹಾಕಿದ್ದು ನಮ್ಮದೇ ತಪ್ಪು. ಹೊಸ ಇದ್ದಿಲು ಮಣ್ಣಿನ ಸಾರಜನಕವನ್ನು ಕೆಲಕಾಲ ಗಿಡಕ್ಕೆ ಸಿಗದಂತೆ ಮಾಡಬಲ್ಲದೆಂದು ಆಮೇಲೆ ತಿಳಿಯಿತು. ಈಗ ಅದೇ ಮಡಿಗಳಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತಿದೆ, ಪಾಲಕ್ ಪಕ್ಕದ ಮಡಿಗಳಿಗಿಂತ ದಟ್ಟವಾಗಿದೆ. ಇದ್ದಿಲು ಹಳೆಯದಾದಂತೆ ಅದರ ಮೇಲ್ಮೈ ಉತ್ಕರ್ಷಣಗೊಂಡು (ಆಮ್ಲಜನಕದೊಡನೆ ಕೂಡಿ) ಅಮೋನಿಯಂ, ಅಂದರೆ ಗಿಡಕ್ಕೆ ಸಿಗುವ ಸಾರಜನಕದ ಒಂದು ರೂಪವನ್ನು, ಹಿಡಿದಿಡುವ ಗುಣ ಹೆಚ್ಚುವುದೇ ಇದಕ್ಕೆ ಕಾರಣವೇ, ಅಥವಾ ಬರೀ ನೀರಿನ ಪ್ರಭಾವವೇ?

ಹಾಗಿದ್ದರೆ ಶೇ 46ರಷ್ಟು ಸಾರಜನಕವಿರುವ ಯೂರಿಯಾವನ್ನು ಈ ಮಡಿಗಳಿಗೆ ಕಡಿಮೆ ಮಾಡಬಹುದೇ? ಸಾರಜನಕ ಮಿತಿಮೀರಿದರೆ ಪಾಲಕ್ ಎಲೆಯಲ್ಲಿ ನೈಟ್ರೇಟ್ ಶೇಖರವಾಗುವುದರಿಂದ ಈ ಪ್ರಶ್ನೆ ಇಳುವರಿಗಷ್ಟೇ ಅಲ್ಲ, ತಿನ್ನುವವರ ಆರೋಗ್ಯಕ್ಕೂ ಸಂಬಂಧಿಸಿದ್ದು. ಇದ್ದಿಲಿನ ಕ್ಷಾರಗುಣದಿಂದ ಮಣ್ಣಿನ ರಸಸಾರ (pH) ಏರಿದ್ದರೆ, ಮೇಲೆ ಎರಚಿದ ಯೂರಿಯಾ ಅಮೋನಿಯಾ ಅನಿಲವಾಗಿ ಹೆಚ್ಚು ನಷ್ಟವಾದೀತೆಂಬ ಅನುಮಾನವೂ ಇದೆ.

ಮೂರು ವರ್ಷಕ್ಕಿಂತ ಹೆಚ್ಚು ಕಾಲ ಬಯೋಚಾರ್ ಬಳಸಿ ಸೊಪ್ಪು ಬೆಳೆದವರು ತಮ್ಮ ಮಣ್ಣಿನ ಬಗೆ, ಯೂರಿಯಾ ಪ್ರಮಾಣ ಮತ್ತು ಕೊಟ್ಟ ಕಂತುಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ಬಿತ್ತನೆಗೆ ಹದಿನೈದು ದಿನಗಳಿವೆ.