365ರ ಟಾರ್ಚಿಗೆ ಪುಡಿ ಮಂಕು. ಆಂಟಿಮನಿ ಒಳಗೆ ಹೋಗಿಲ್ವಾ?

ಶಹಾಬಾದ್_ಕಲ್ಲು:
ಕಲಬುರಗಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದ್ತಿದ್ದೇನೆ. ಪ್ರಾಜೆಕ್ಟಿಗೆ ಸೀಸ ಇಲ್ಲದ ಡಬಲ್ ಪೆರೋವ್‌ಸ್ಕೈಟ್ (ಯುವಿ ಬಿದ್ದರೆ ಹೊಳೆಯಬೇಕಾದ ಹರಳಿನ ಪುಡಿ) ಮಾಡಿದ್ದೇವೆ. ಸೀಸಿಯಂ ಸೋಡಿಯಂ ಇಂಡಿಯಂ ಕ್ಲೋರೈಡ್, ಇಂಡಿಯಂ ಜಾಗಕ್ಕೆ 5% ಆಂಟಿಮನಿ. ಬಿಳಿ ಪುಡಿ ಬಂತು, ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಸರಿ ಇದೆ. ಆದ್ರೆ 365 ನ್ಯಾನೋಮೀಟರ್ ಯುವಿ ಟಾರ್ಚ್ ಹಾಕಿದರೆ ಮಂಕು ನೀಲಿ ಅಷ್ಟೇ. ಕೆಳಗಿಟ್ಟ ಝೆರಾಕ್ಸ್ ಹಾಳೆಯೇ ಜಾಸ್ತಿ ಹೊಳೆಯುತ್ತೆ! ಗೈಡ್ ಮತ್ತೆ ಮಾಡಿ ಅಂತಿದ್ದಾರೆ. ಇಂಡಿಯಂ ಕ್ಲೋರೈಡ್ ರೇಟು ಗೊತ್ತಲ್ಲ.

ಬೀದರ್_ಮೇಷ್ಟ್ರು:
ತಮ್ಮಾ, ಪುಡಿ ಚೆಲ್ಲಬೇಡ. ಮೊದಲು ಟಾರ್ಚ್ ಬದಲಿಸು.

ಈ ಕ್ಲೋರೈಡ್ ತಾನಾಗಿ ಕಣ್ಣಿಗೆ ಕಾಣುವ ಬೆಳಕು ಕೊಡಲ್ಲ, ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಮೇಲೇರಲು ಬೇಕಾದ ಶಕ್ತಿ) ಅಷ್ಟು ದೊಡ್ಡದು. ಬೆಳಕು ಹೀರುವುದೂ ಆಂಟಿಮನಿ, ಕೊಡುವುದೂ ಆಂಟಿಮನಿ. ಅದು ಚೆನ್ನಾಗಿ ಹೀರುವುದು 320–335ರ ಆಸುಪಾಸಿನಲ್ಲಿ. 365ಕ್ಕೆ ಆ ಹೀರುವಿಕೆಯ ಬಾಲ ಮಾತ್ರ ಸಿಗುತ್ತೆ. ಹೀರಿದ ಮೇಲೆ ಸುತ್ತಲಿನ ಆರು ಕ್ಲೋರಿನ್‌ಗಳ ಗೂಡು ಸೊಟ್ಟಗಾಗುತ್ತೆ, ಶಕ್ತಿ ಅಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ 450ರ ಹತ್ತಿರ ನೀಲಿಯಾಗಿ ಹೊರಬರುತ್ತೆ.

ಬಯೋಟೆಕ್ ವಿಭಾಗದಲ್ಲಿ ಡಿಎನ್‌ಎ ಜೆಲ್ ನೋಡುವ ಯುವಿ ಪೆಟ್ಟಿಗೆ ಇರುತ್ತಲ್ಲ, ಅದು ಸಾಮಾನ್ಯವಾಗಿ 302 ಇಲ್ಲವೇ 312. ಅದರ ಮೇಲಿಟ್ಟು ನೋಡು. ಪುಡಿಯನ್ನು ಗಾಜಿನ ಪೆಟ್ರಿ ಡಿಶ್‌ನಲ್ಲಿ ಇಡಬೇಡ, ಸಾದಾ ಗಾಜು ಆ ಬೆಳಕನ್ನು ಬಹಳಷ್ಟು ನುಂಗುತ್ತೆ. ಯುವಿ ಒಳಗೆ ಬಿಡುವ ಕ್ವಾರ್ಟ್ಜ್ ಕುವೆಟ್ (ಪುಟ್ಟ ಪಾತ್ರೆ) ಕೇಳಿ ತಗೋ. ಮುಖಕ್ಕೆ ಶೀಲ್ಡ್ ಇಲ್ಲದೆ ಬಗ್ಗಬೇಡ. ಝೆರಾಕ್ಸ್ ಹಾಳೆಯಲ್ಲಿ ಬೆಳ್ಳಗೆ ಕಾಣಲಿ ಅಂತ ಯುವಿಗೆ ಹೊಳೆಯುವ ಬ್ರೈಟ್ನರ್ ಹಾಕಿರುತ್ತಾರೆ, ನಿನ್ನ ಕಣ್ಣು ಅದನ್ನೇ ನೋಡಿದೆ.

ಎಕ್ಸ್‌ಆರ್‌ಡಿ ಸರಿ ಇದ್ದರೆ ಆಂಟಿಮನಿ ಎಷ್ಟು ಹೋಯ್ತು ಅಂತ ಗೊತ್ತಾಗಲ್ಲ. ಅದಕ್ಕೆ ಐಸಿಪಿ (ಯಾವ ಧಾತು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಬೇಕು. ಅಂದಹಾಗೆ, ತೊಳೆದದ್ದು ಎಥನಾಲ್‌ನಲ್ಲಿ ತಾನೆ? ನೀರು ಸೋಕಿದರೆ ಆಂಟಿಮನಿ ಕ್ಲೋರೈಡ್ ಬಿಳಿ ಆಕ್ಸಿಕ್ಲೋರೈಡ್ ಆಗುತ್ತೆ. ಅದೂ ಬಿಳಿ, ಇದೂ ಬಿಳಿ! ನೀಲಿ ಬದಲು ಹಳದಿ ಕಂಡರೆ ಸೋಡಿಯಂ ಇಲ್ಲದ, ನೀರಿನ ಅಣು ಹಿಡಿದ ಸೀಸಿಯಂ ಇಂಡಿಯಂ ಕ್ಲೋರೈಡ್ ಇರಬಹುದು.

ಸುರಪುರದವ:
ನಡುವೆ ಬಾಯಿ ಹಾಕ್ತಿದ್ದೀನಿ. ಸೀಸ ಇರುವ ಪೆರೋವ್‌ಸ್ಕೈಟ್ ಇಷ್ಟೆಲ್ಲ ರಗಳೆ ಇಲ್ಲದೆ ಹೊಳೆಯುತ್ತಲ್ವಾ ಸರ್? ಮತ್ತೆ ಬಿಳಿ ಬೆಳಕಿಗೆ ಏನು ಹಾಕಬೇಕು?

ಬೀದರ್_ಮೇಷ್ಟ್ರು:
ಹೊಳೆಯುತ್ತೆ ನಿಜ. ಆದರೆ ನೀರು ಬಿದ್ದರೆ ಸೀಸ ಕರಗಿ ಹೊರಗೆ ಬರುತ್ತೆ, ಮನೆಯ ದೀಪದಲ್ಲಿ ಅದು ಯಾಕೆ ಬೇಕು? ಬಿಳಿಗೆ ದಾರಿ ಸಿಕ್ಕಿದೆ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಸೀಸಿಯಂ ಬೆಳ್ಳಿ ಇಂಡಿಯಂ ಕ್ಲೋರೈಡ್‌ನಲ್ಲಿ ಬೆಳ್ಳಿಯ 40% ಜಾಗಕ್ಕೆ ಸೋಡಿಯಂ, ಮೇಲೆ 0.04% ಬಿಸ್ಮತ್. ಬೆಚ್ಚನೆಯ ಬಿಳಿ ಬೆಳಕು, ಕ್ವಾಂಟಂ ದಕ್ಷತೆ (ಹೀರಿದ ಬೆಳಕಿನ ಕಣಗಳಲ್ಲಿ ಎಷ್ಟು ಪಾಲು ಮತ್ತೆ ಬೆಳಕಾಗಿ ಬರುತ್ತೆ ಅನ್ನುವ ಲೆಕ್ಕ) 86% ಹತ್ತಿರ. ಬಿಸ್ಮತ್ ಅಷ್ಟು ಚಿಟಿಕೆ ಸಾಕು ನೋಡಿ. ನನಗಂತೂ ಇದರಲ್ಲಿ ಹೆಚ್ಚು ಹಿಡಿಸಿದ್ದು ಸೋಡಿಯಂ ಕೆಲಸ: ಬರೀ ಬೆಳ್ಳಿ ಇದ್ದಾಗ ಬೆಳಕು ಹೊರಬರುವ ದಾರಿಗೆ ಕ್ವಾಂಟಂ ನಿಯಮವೇ ಅಡ್ಡ, ಸೋಡಿಯಂ ಆ ಅಡ್ಡಿ ಸಡಿಲಿಸುತ್ತೆ.

ಶಹಾಬಾದ್_ಕಲ್ಲು:
ತೊಳೆದದ್ದು ಎಥನಾಲ್‌ನಲ್ಲೇ ಸರ್. ಬಯೋಟೆಕ್ ಮೇಡಂ ಸೋಮವಾರ ಬಾ ಅಂದ್ರು. ಇದೇ ಪುಡಿಗೆ ಮ್ಯಾಂಗನೀಸ್ ಸೇರಿಸಿದರೆ?

ಬೀದರ್_ಮೇಷ್ಟ್ರು:
ಕಿತ್ತಳೆ ಕಡೆ ತಿರುಗುತ್ತೆ. ಮ್ಯಾಂಗನೀಸ್ ನೇರವಾಗಿ ಹೀರುವುದು ತೀರಾ ಕಡಿಮೆ, ಆಂಟಿಮನಿ ಹೀರಿ ಅದಕ್ಕೆ ದಾಟಿಸುತ್ತೆ. ಆಂಟಿಮನಿ ಬಿಟ್ಟು ಬರೀ ಮ್ಯಾಂಗನೀಸ್ ಹಾಕಿದ್ದನ್ನೂ ಒಂದಿಷ್ಟು ಮಾಡಿಟ್ಟುಕೋ, ಎರಡನ್ನೂ ಒಂದೇ ಪೆಟ್ಟಿಗೆ ಮೇಲೆ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕು.