ಆರ್‌ಎಚ್‌ಸಿಎಸ್‌ಎ ಪ್ರಾಯೋಗಿಕ ಪರೀಕ್ಷೆ: ರೀಬೂಟ್ ಆದಮೇಲೂ ಎಲ್ಲ ಉಳಿಯಬೇಕಾದರೆ ಹೇಗೆ ತಯಾರಾಗಬೇಕು?

ಹೊಸ_ಅಡ್ಮಿನ್

ಎಲ್ಲರಿಗೂ ನಮಸ್ಕಾರ. ಆರ್‌ಎಚ್‌ಸಿಎಸ್‌ಎ, ಅಂದರೆ ರೆಡ್ ಹ್ಯಾಟ್‌ನ ಲಿನಕ್ಸ್ ಅಡ್ಮಿನ್ ಪ್ರಮಾಣಪತ್ರಕ್ಕೆ ಬರೆಯುವ ಇಎಕ್ಸ್200 ಪರೀಕ್ಷೆಗೆ ಇನ್ನು 6 ವಾರ ಇದೆ. ಆವೃತ್ತಿ 9. ಕಮಾಂಡ್‌ಗಳನ್ನು ಬಿಡಿಬಿಡಿಯಾಗಿ ಮಾಡಿದರೆ ಬರುತ್ತವೆ. 3 ಗಂಟೆ ಲೆಕ್ಕ ಇಟ್ಟು ಎಲ್ಲ ಒಟ್ಟಿಗೆ ಮಾಡಿ ಕೊನೆಗೆ ರೀಬೂಟ್ ಕೊಟ್ಟರೆ ಮಾತ್ರ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಕೆಲವೊಮ್ಮೆ ಎಮರ್ಜೆನ್ಸಿ ಮೋಡ್‌ಗೆ (ಪೂರ್ತಿ ಬೂಟ್ ಆಗದೆ ದುರಸ್ತಿಗೆಂದು ನಿಲ್ಲುವ ಸ್ಥಿತಿ) ಹೋಗಿ ನಿಲ್ಲುತ್ತದೆ, ಕೆಲವೊಮ್ಮೆ ವೆಬ್ ಸರ್ವರ್ ಏಳುವುದೇ ಇಲ್ಲ.

ಮನೆಯಲ್ಲಿ ಲ್ಯಾಬ್ ಹೇಗಿರಬೇಕು? ಯಾವ ಕ್ರಮದಲ್ಲಿ ಮಾಡಿದರೆ ಒಳ್ಳೆಯದು? ಅಂಕ ಹೆಚ್ಚಾಗಿ ಹೋಗುವುದು ಎಲ್ಲಿ? ಪ್ರಶ್ನೆಪತ್ರಿಕೆ ಯಾರಾದರೂ ಕೊಡಿ ಅಂತ ಕೇಳುತ್ತಿಲ್ಲ, ಅಭ್ಯಾಸದ ದಾರಿ ಬೇಕು.

ಟರ್ಮಿನಲ್_ರಾಯರು

ಕೊನೆಯ ಮಾತು ಹೇಳಿದ್ದು ಒಳ್ಳೆಯದಾಯಿತು. ಪ್ರಶ್ನೆ ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಎಲ್ಲರೂ ಪರೀಕ್ಷೆಗೆ ಕೂರುವುದು. ಅಂತರ್ಜಾಲದಲ್ಲಿ ಮಾರುವ ಡಂಪ್‌ಗಳ (ಸೋರಿದ ಪ್ರಶ್ನೆಗಳ ಕಟ್ಟು) ಹತ್ತಿರವೂ ಹೋಗಬೇಡಿ. ರೆಡ್ ಹ್ಯಾಟ್ ತನ್ನ ತಾಣದಲ್ಲೇ ಪಠ್ಯವಿಷಯಗಳ ಪಟ್ಟಿ ಹಾಕಿದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ, ಅದೇ ಸಿಲಬಸ್. ಆವೃತ್ತಿ ಮಾತ್ರ ಸರಿಯಾಗಿ ನೋಡಿ: 9ರಲ್ಲಿ ಪಾಡ್‌ಮ್ಯಾನ್ ಕಂಟೇನರ್ (ಅಪ್ಲಿಕೇಶನ್ ಅನ್ನು ಪ್ರತ್ಯೇಕವಾಗಿ ಓಡಿಸುವ ವಿಧಾನ) ಇದೆ, 10ರಲ್ಲಿ ಅದು ಹೋಗಿ ಫ್ಲಾಟ್‌ಪ್ಯಾಕ್ (ಅಪ್ಲಿಕೇಶನ್ ಇನ್‌ಸ್ಟಾಲ್ ಮಾಡುವ ಒಂದು ವಿಧಾನ) ಬಂದಿದೆ.

ಲ್ಯಾಬ್‌ಗೆ ಎರಡು ವರ್ಚುವಲ್ ಯಂತ್ರ ಸಾಕು. ತಲಾ 2 ಜಿಬಿ ರ್‍ಯಾಮ್, 20 ಜಿಬಿ ಡಿಸ್ಕ್. ಒಂದಕ್ಕೆ 5 ಜಿಬಿಯ ಖಾಲಿ ಡಿಸ್ಕ್ ಇನ್ನೆರಡು ಸೇರಿಸಿ. ಇನ್ನೊಂದು ಯಂತ್ರ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ) ಸರ್ವರ್, ಸಮಯದ ಸರ್ವರ್, ರೆಪೊ (ಪ್ಯಾಕೇಜ್ ಭಂಡಾರ) ಸರ್ವರ್ ಎಲ್ಲ ಆಗಲಿ. ರೆಡ್ ಹ್ಯಾಟ್‌ನ ಡೆವಲಪರ್ ಚಂದಾದಾರಿಕೆ ಒಬ್ಬರಿಗೆ 16 ಯಂತ್ರಗಳವರೆಗೆ ಉಚಿತ. ಬೇಡವೆಂದರೆ ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್ ಹಾಕಿದರೂ ಆಗುತ್ತದೆ. ಇನ್‌ಸ್ಟಾಲ್ ಆದ ಕೂಡಲೇ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಪ್ರತಿ ಸಲವೂ ಅಲ್ಲಿಂದಲೇ ಶುರು.

ಪರೀಕ್ಷೆಯಲ್ಲಿ ಅಂತರ್ಜಾಲ ಇಲ್ಲ. ಮ್ಯಾನ್ ಪೇಜ್ (ಕಮಾಂಡ್‌ಗಳ ಕೈಪಿಡಿ) ಇದೆ, /ಯುಎಸ್‌ಆರ್/ಶೇರ್/ಡಾಕ್ ಡೈರೆಕ್ಟರಿ ಇದೆ. ಹಾಗಾಗಿ ಇವತ್ತಿನಿಂದಲೇ ಬ್ರೌಸರ್ ಮುಚ್ಚಿ ಅಭ್ಯಾಸ ಮಾಡಿ. ಮ್ಯಾನ್ ಪೇಜ್ ತೆರೆದು ದೊಡ್ಡ ಜಿ ಒತ್ತಿದರೆ ನೇರ ತಳಕ್ಕೆ ಹೋಗುತ್ತದೆ. ಎಷ್ಟೋ ಪುಟಗಳಲ್ಲಿ ಉದಾಹರಣೆ ಇರುವುದು ಅಲ್ಲೇ.

ಕ್ರಮ: ಮೊದಲು ರೂಟ್ ಪಾಸ್‌ವರ್ಡ್, ಆಮೇಲೆ ನೆಟ್‌ವರ್ಕ್ ಮತ್ತು ಹೋಸ್ಟ್‌ನೇಮ್, ಆಮೇಲೆ ರೆಪೊ. ಈ ಮೂರು ಇಲ್ಲದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ರೆಪೊ ಎಂದರೆ ಬೇಸ್‌ಒಎಸ್, ಆ್ಯಪ್‌ಸ್ಟ್ರೀಮ್ ಎರಡೂ. ಒಂದನ್ನೇ ಹಾಕಿ ಪ್ಯಾಕೇಜ್ ಸಿಗುತ್ತಿಲ್ಲ ಎಂದು ಹುಡುಕುತ್ತ ಕೂತರೆ ಕಾಲು ಗಂಟೆ ಹೋಯಿತು. ಸ್ಟೋರೇಜನ್ನು ನಡುವೆ ಇಟ್ಟುಕೊಳ್ಳಿ, ಕೊನೆಗೆ ಬಿಡಬೇಡಿ. ಅದು ಮುಗಿದ ಕೂಡಲೇ ಒಂದು ರೀಬೂಟ್, ಕೊನೆಯ 20 ನಿಮಿಷದಲ್ಲಿ ಇನ್ನೊಂದು. ಒಟ್ಟು 300 ಅಂಕ, ಪಾಸಾಗಲು 210. ಒಂದು ಪ್ರಶ್ನೆ ಬಿಟ್ಟರೆ ಮುಳುಗುವುದಿಲ್ಲ, ಯಂತ್ರ ಬೂಟ್ ಆಗದಿದ್ದರೆ ಮುಳುಗುತ್ತದೆ.

ಡಿಸ್ಕ್_ಡಾಕ್ಟರ್

ಎಮರ್ಜೆನ್ಸಿ ಮೋಡ್ ವಿಷಯ. ನೂರಕ್ಕೆ ತೊಂಬತ್ತು ಪಾಲು ಅದು ಎಫ್‌ಎಸ್‌ಟ್ಯಾಬ್ (ಬೂಟ್‌ನಲ್ಲಿ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿಯ ಫೈಲ್) ತಪ್ಪು. ಬೂಟ್ ಆಗುವಾಗ ಪರದೆಯ ಮೇಲೆ 1 ನಿಮಿಷ 30 ಸೆಕೆಂಡಿನ ಕೌಂಟರ್ ಓಡುತ್ತಿದ್ದರೆ, ಸಿಸ್ಟಮ್‌ಡಿ (ಬೂಟ್‌ನಲ್ಲಿ ಎಲ್ಲವನ್ನೂ ಎಬ್ಬಿಸುವ ವ್ಯವಸ್ಥೆ) ಒಂದು ಡಿವೈಸ್‌ಗಾಗಿ ಕಾಯುತ್ತಿದೆ ಎಂದರ್ಥ. ನೀವು ಬರೆದ ಯುಯುಐಡಿಯ (ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ) ಡಿಸ್ಕ್ ಅದಕ್ಕೆ ಕಾಣಿಸುತ್ತಿಲ್ಲ. ಬ್ಲಾಕ್‌ಐಡಿ ಕೊಡುವ ಸಾಲಿನಲ್ಲಿ ಯುಯುಐಡಿ, ಪಾರ್ಟ್‌ಯುಯುಐಡಿ ಎರಡೂ ಇರುತ್ತವೆ. ಅವಸರದಲ್ಲಿ ಎರಡನೆಯದನ್ನು ನಕಲು ಮಾಡಿ ಮೊದಲನೆಯದರ ಹೆಸರಲ್ಲಿ ಬರೆಯುವುದು ಬಹಳ ಸಾಮಾನ್ಯ. ಇನ್ನೊಂದು, ಬರೆದ ಮೇಲೆ ಮತ್ತೆ ಎಂಕೆಎಫ್‌ಎಸ್ ಹೊಡೆಯುವುದು. ಹೊಸ ಫೈಲ್ ಸಿಸ್ಟಮ್ ಬಂತೆಂದರೆ ಹೊಸ ಯುಯುಐಡಿಯೂ ಬಂತು.

ಎಫ್‌ಎಸ್‌ಟ್ಯಾಬ್ ಮುಟ್ಟಿದಾಗಲೆಲ್ಲ ಈ ನಾಲ್ಕು ಕೆಲಸ ಬೆರಳಿಗೆ ಅಂಟಿರಬೇಕು: ಫೈಂಡ್‌ಎಂಎನ್‌ಟಿ --ವೆರಿಫೈ, ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್, ಮೌಂಟ್ -ಎ, ಸ್ವಾಪ್‌ಆನ್ -ಎ. ಮೌಂಟ್ -ಎ ಸ್ವಾಪನ್ನು (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಮುಟ್ಟುವುದೇ ಇಲ್ಲ, ಅದಕ್ಕೇ ಕೊನೆಯದು ಬೇಕು. ಅಭ್ಯಾಸದಲ್ಲಿ ನೋಫೇಲ್ ಆಯ್ಕೆ ಹಾಕಬೇಡಿ. ಯಂತ್ರ ಏಳುತ್ತದೆ ನಿಜ, ತಪ್ಪು ಮುಚ್ಚಿಹೋಗುತ್ತದೆ.

ಸಿಕ್ಕಿಬಿದ್ದರೆ: ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಮೂಲ ಫೈಲ್ ಸಿಸ್ಟಮ್ ಓದಲು ಮಾತ್ರ ಇದ್ದರೆ ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು / ಕೊಟ್ಟು, ತಪ್ಪು ಸಾಲಿನ ಮುಂದೆ # ಹಾಕಿ ರೀಬೂಟ್ ಮಾಡಿ. ಆಮೇಲೆ ನಿಧಾನವಾಗಿ ಸರಿಪಡಿಸಿ. ಇದನ್ನು ಬೇಕೆಂದೇ ಕೆಡಿಸಿ ಐದಾರು ಸಲ ಮಾಡಿ ನೋಡಿ.

ಎಲ್‌ವಿಎಂನಲ್ಲಿ (ಡಿಸ್ಕ್‌ಗಳನ್ನು ಒಟ್ಟು ಸೇರಿಸಿ ಎಕ್ಸ್‌ಟೆಂಟ್ ಎಂಬ ಸಮ ತುಂಡುಗಳಲ್ಲಿ ಹಂಚುವ ವ್ಯವಸ್ಥೆ) ಲೆಕ್ಕ ತಪ್ಪುವುದು ಹೀಗೆ. '16 ಎಂಐಬಿ ಎಕ್ಸ್‌ಟೆಂಟ್ ಇರುವ ವಾಲ್ಯೂಮ್ ಗ್ರೂಪ್, ಅದರಲ್ಲಿ 50 ಎಕ್ಸ್‌ಟೆಂಟಿನ ಲಾಜಿಕಲ್ ವಾಲ್ಯೂಮ್' ಎಂದು ಕೇಳಿದರೆ 50 × 16 = 800 ಎಂಐಬಿ. ಹಾಗೆಂದು ಪಾರ್ಟಿಷನ್ ಸರಿಯಾಗಿ 800 ಎಂಐಬಿ ಮಾಡಿದರೆ ಸಾಲುವುದಿಲ್ಲ. ಶುರುವಿನ 1 ಎಂಐಬಿ ಮೆಟಾಡೇಟಾಗೆ ಹೋಗುತ್ತದೆ, ಉಳಿದದ್ದರಲ್ಲಿ 49 ಎಕ್ಸ್‌ಟೆಂಟ್ ಮಾತ್ರ ಸಿಗುತ್ತದೆ. 1 ಜಿಐಬಿ ಮಾಡಿಬಿಡಿ. ವಿಜಿಕ್ರಿಯೇಟ್‌ಗೆ -ಎಸ್ 16ಎಂ ಕೊಡಲು ಮರೆತರೆ ಎಕ್ಸ್‌ಟೆಂಟ್ ತಾನಾಗಿ 4 ಎಂಐಬಿ ಆಗಿ, ನಿಮ್ಮ 50 ಎಂಬುದು 200 ಎಂಐಬಿಗೆ ಇಳಿಯುತ್ತದೆ. ಎಲ್‌ವಿಕ್ರಿಯೇಟ್‌ನಲ್ಲಿ ಸಣ್ಣ ಎಲ್ ಎಂದರೆ ಎಕ್ಸ್‌ಟೆಂಟ್ ಎಣಿಕೆ, ದೊಡ್ಡ ಎಲ್ ಎಂದರೆ ಗಾತ್ರ.

ಹಿಗ್ಗಿಸುವಾಗ ಎಲ್‌ವಿಎಕ್ಸ್‌ಟೆಂಡ್ ಜೊತೆ -ಆರ್ ಹಾಕಿದರೆ ಫೈಲ್ ಸಿಸ್ಟಮ್ ಕೂಡ ಹಿಗ್ಗುತ್ತದೆ. ಅದಿಲ್ಲದೆ ಮಾಡಿದರೆ ಎಲ್‌ವಿಎಸ್‌ನಲ್ಲಿ ಹೊಸ ಗಾತ್ರ, ಡಿಎಫ್‌ನಲ್ಲಿ ಹಳೆಯದು. +300ಎಂ ಎಂದರೆ ಇನ್ನೂ 300 ಸೇರಿಸು, ಬರೀ 300ಎಂ ಎಂದರೆ ಒಟ್ಟು 300 ಮಾಡು. ಪ್ರಶ್ನೆಯ ವಾಕ್ಯವನ್ನು ಎರಡು ಸಲ ಓದಿ. ಎಕ್ಸ್‌ಎಫ್‌ಎಸ್ ಅನ್ನು ಕುಗ್ಗಿಸಲು ಬರುವುದಿಲ್ಲ, ಹಾಗಾಗಿ ಒಮ್ಮೆ ಜಾಸ್ತಿ ಕೊಟ್ಟರೆ ಹಿಂದೆ ಬರಲು ಅಳಿಸಿ ಮತ್ತೆ ಮಾಡುವುದೊಂದೇ ದಾರಿ.

ಕಾವಲುಗಾರ

ವೆಬ್ ಸರ್ವರ್ ಏಳದಿರುವುದಕ್ಕೆ ನನ್ನ ಉತ್ತರ. ಮೊದಲಿಗೆ, ಸೆಟ್‌ಎನ್‌ಫೋರ್ಸ್ 0 ಎನ್ನುವುದನ್ನು ಪರಿಹಾರ ಎಂದುಕೊಳ್ಳಬೇಡಿ. ಎಸ್‌ಇಲಿನಕ್ಸ್ (ಲೇಬಲ್ ನೋಡಿ ಅನುಮತಿ ಕೊಡುವ ಭದ್ರತಾ ಪದರ) ಎನ್‌ಫೋರ್ಸಿಂಗ್‌ನಲ್ಲಿ, ಅಂದರೆ ತಡೆಯುವ ಸ್ಥಿತಿಯಲ್ಲಿ, ಇದ್ದುಕೊಂಡೇ ಕೆಲಸ ಆಗಬೇಕು. ಅಡ್ಡಿ ಯಾವ ಪದರದಲ್ಲಿದೆ ಎನ್ನುವುದನ್ನು ದೋಷ ಸಂದೇಶವೇ ಹೇಳುತ್ತದೆ.

ಎಚ್‌ಟಿಟಿಪಿಡಿಯನ್ನು (ಅಪಾಚೆ ವೆಬ್ ಸರ್ವರ್) 8890 ಪೋರ್ಟಿನಲ್ಲಿ ಓಡಿಸಬೇಕು ಎಂದುಕೊಳ್ಳಿ. ಸರ್ವೀಸ್ ಶುರುವೇ ಆಗದೆ, ಸ್ಟೇಟಸ್‌ನಲ್ಲಿ 'ಪರ್ಮಿಷನ್ ಡಿನೈಡ್' ಮತ್ತು ಎಎಚ್00072 ಕಂಡರೆ ಅದು ಪೋರ್ಟಿನ ಲೇಬಲ್. ರೂಟ್ ಆಗಿ ಎಬ್ಬಿಸಿದರೂ ಅನುಮತಿ ಇಲ್ಲ ಎನ್ನುತ್ತಿದ್ದರೆ ಎಸ್‌ಇಲಿನಕ್ಸ್ ಮೇಲೆ ಅನುಮಾನ ಬರಲೇಬೇಕು. ಸೆಮ್ಯಾನೇಜ್ ಪೋರ್ಟ್ -ಎ -ಟಿ ಎಚ್‌ಟಿಟಿಪಿ_ಪೋರ್ಟ್_ಟಿ -ಪಿ ಟಿಸಿಪಿ 8890 ಕೊಟ್ಟು ಮತ್ತೆ ಎಬ್ಬಿಸಿ.

ಸರ್ವೀಸ್ ಓಡುತ್ತಿದೆ, ಅದೇ ಯಂತ್ರದಲ್ಲಿ ಕರ್ಲ್ ಮಾಡಿದರೆ ಪುಟ ಬರುತ್ತದೆ, ಪಕ್ಕದ ಯಂತ್ರದಿಂದ 'ನೋ ರೂಟ್ ಟು ಹೋಸ್ಟ್' ಬರುತ್ತದೆ ಎಂದರೆ ಅದು ಫೈರ್‌ವಾಲ್. --ಪರ್ಮನೆಂಟ್ ಇಲ್ಲದೆ ಸೇರಿಸಿದ ಪೋರ್ಟ್ ರೀಬೂಟ್‌ಗೆ ಹೋಗುತ್ತದೆ. --ಪರ್ಮನೆಂಟ್ ಹಾಕಿ --ರೀಲೋಡ್ ಮಾಡದಿದ್ದರೆ ಈಗ ತೆರೆದಿರುವುದಿಲ್ಲ. ಯಾವತ್ತೂ ಇನ್ನೊಂದು ಯಂತ್ರದಿಂದಲೇ ಪರೀಕ್ಷಿಸಿ.

403 (ಪುಟ ನೋಡಲು ಅನುಮತಿ ಇಲ್ಲ) ಬಂದರೆ ಫೈಲಿನ ಕಾಂಟೆಕ್ಸ್ಟ್ (ಎಸ್‌ಇಲಿನಕ್ಸ್ ಲೇಬಲ್) ನೋಡಿ, ಎಲ್‌ಎಸ್ -ಎಲ್‌ಝಡ್. ಹೋಮ್ ಡೈರೆಕ್ಟರಿಯಿಂದ ಎಂವಿ ಮಾಡಿದ ಫೈಲ್ ತನ್ನ ಹಳೆಯ ಲೇಬಲ್ ಹೊತ್ತುಕೊಂಡೇ ಬರುತ್ತದೆ. ಸಿಪಿ ಮಾಡಿದ್ದು ಹೊಸ ಜಾಗದ್ದನ್ನು ಪಡೆಯುತ್ತದೆ. ಸಿಎಚ್‌ಕಾನ್‌ನಿಂದ ಹಚ್ಚಿದ್ದು ರೀಲೇಬಲ್ ಆದಾಗ ಅಳಿಸಿಹೋಗುತ್ತದೆ, ಆದ್ದರಿಂದ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ನಿಯಮ ಬರೆದು ರಿಸ್ಟೋರ್‌ಕಾನ್ -ಆರ್‌ವಿ ಓಡಿಸಿ, ಆರ್ ದೊಡ್ಡದು. ಹಾದಿಯ ಕೊನೆಗೆ ಹಾಕುವ (/.*)? ಚಿಹ್ನೆ ನೆನಪಿರದಿದ್ದರೆ ಸೆಮ್ಯಾನೇಜ್-ಎಫ್‌ಕಾಂಟೆಕ್ಸ್ಟ್ ಮ್ಯಾನ್ ಪೇಜಿನ ತಳದಲ್ಲೇ ಇದೆ. ಆಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್ ಕೊಟ್ಟಾಗ ಏನೂ ಬರದಿದ್ದರೆ ಎಸ್‌ಇಲಿನಕ್ಸ್ ಬಿಟ್ಟು ಅಪಾಚೆಯ 'ರಿಕ್ವೈರ್ ಆಲ್ ಗ್ರಾಂಟೆಡ್' ಸಾಲು ಇದೆಯೇ ನೋಡಿ.

ಎಲ್ಲ ಆದ ಮೇಲೆ ಎನೇಬಲ್ ಮಾಡಿ! ಇಷ್ಟೆಲ್ಲ ಸರಿಪಡಿಸಿ ಬರೀ ಸ್ಟಾರ್ಟ್ ಕೊಟ್ಟು ಎದ್ದು ಹೋಗುವವರು ಬಹಳ.

ಹೊಸ_ಅಡ್ಮಿನ್

ತುಂಬ ಉಪಕಾರವಾಯಿತು. 800 ಎಂಐಬಿಯ ಲೆಕ್ಕದಲ್ಲೇ ನಿಂತಿತ್ತು, ಈಗ ಕಾರಣ ತಿಳಿಯಿತು. ಇನ್ನೆರಡು ಕೇಳುತ್ತೇನೆ. ಗೊತ್ತಿಲ್ಲದ ರೂಟ್ ಪಾಸ್‌ವರ್ಡ್ ಬದಲಿಸಲು ಬೂಟ್ ಸಾಲಿಗೆ ಆರ್‌ಡಿ.ಬ್ರೇಕ್ ಹಾಕಿದರೆ ಅಲ್ಲೂ ರೂಟ್ ಪಾಸ್‌ವರ್ಡ್ ಕೇಳುತ್ತದೆ, ಏನು ಮಾಡುವುದು? ಮತ್ತೆ, ಸಾಮಾನ್ಯ ಬಳಕೆದಾರನ ಕಂಟೇನರ್‌ಗೆ ಸಿಸ್ಟಮ್‌ಸಿಟಿಎಲ್ --ಯೂಸರ್ ಕೊಟ್ಟರೆ 'ಫೇಲ್ಡ್ ಟು ಕನೆಕ್ಟ್ ಟು ಬಸ್' ಬರುತ್ತದೆ.

ಟರ್ಮಿನಲ್_ರಾಯರು

ಆರ್‌ಡಿ.ಬ್ರೇಕ್ ಅಲ್ಲಿ ಪಾಸ್‌ವರ್ಡ್ ಕೇಳಿದರೆ ಅದರ ಬದಲು ಇನಿಟ್=/ಬಿನ್/ಬ್ಯಾಶ್ ಹಾಕಿ. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ಸೇರಿಸಿ, ಕಂಟ್ರೋಲ್ ಎಕ್ಸ್. ಆ ಸಾಲಿನಲ್ಲಿ ಕನ್ಸೋಲ್=ಟಿಟಿವೈಎಸ್0 ಎಂದಿದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಶೆಲ್ ಸೀರಿಯಲ್ ಪೋರ್ಟಿನಲ್ಲಿ ತೆರೆದುಕೊಂಡು ನಿಮ್ಮ ಪರದೆ ಖಾಲಿ ಕಾಣುತ್ತದೆ. ಆಮೇಲೆ ಮೂಲ ಫೈಲ್ ಸಿಸ್ಟಮ್ ಅನ್ನು ಬರೆಯಲು ಬರುವಂತೆ ರೀಮೌಂಟ್ ಮಾಡಿ, ಪಾಸ್‌ಡಬ್ಲ್ಯುಡಿ, ಆಮೇಲೆ ಟಚ್ /.ಆಟೋರೀಲೇಬಲ್, ಕೊನೆಗೆ ಎಕ್ಸೆಕ್ /ಎಸ್‌ಬಿನ್/ಇನಿಟ್. ಟಚ್ ಮರೆತರೆ ಶ್ಯಾಡೋ (ಪಾಸ್‌ವರ್ಡ್ ಇಡುವ) ಫೈಲಿನ ಲೇಬಲ್ ಕೆಟ್ಟು, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ರೀಲೇಬಲ್‌ಗೆ ಕೆಲವು ನಿಮಿಷ ಬೇಕು, ನಡುವೆ ಪವರ್ ತೆಗೆಯಬೇಡಿ.

ಬಸ್ ದೋಷಕ್ಕೆ ಕಾರಣ ಎಸ್‌ಯು (ಬೇರೆ ಬಳಕೆದಾರನಾಗಿ ಬದಲಾಗುವ ಕಮಾಂಡ್). ಎಸ್‌ಯು ಮಾಡಿ ಆ ಬಳಕೆದಾರನಾದರೆ ಸಿಸ್ಟಮ್‌ಸಿಟಿಎಲ್ --ಯೂಸರ್‌ಗೆ ಬೇಕಾದ ಎಕ್ಸ್‌ಡಿಜಿ_ರನ್‌ಟೈಮ್_ಡಿಐಆರ್ ವೇರಿಯಬಲ್ ಸಿಗುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಲೋಕಲ್‌ಹೋಸ್ಟ್‌ಗೆ ಆ ಬಳಕೆದಾರನಾಗಿಯೇ ಲಾಗಿನ್ ಆಗಿ. ಪಾಡ್‌ಮ್ಯಾನ್ ಜನರೇಟ್ ಸಿಸ್ಟಮ್‌ಡಿ --ನ್ಯೂ --ಫೈಲ್ಸ್ --ನೇಮ್ ಕೊಟ್ಟಾಗ ಸಿಗುವ ಯುನಿಟ್ ಫೈಲನ್ನು ಹೋಮ್‌ನ .ಕಾನ್ಫಿಗ್/ಸಿಸ್ಟಮ್‌ಡಿ/ಯೂಸರ್ ಒಳಗೆ ಇಡಿ. ಕೈಯಿಂದ ಓಡಿಸಿದ್ದ ಕಂಟೇನರನ್ನು ತೆಗೆದುಹಾಕಿ, ಡೀಮನ್-ರೀಲೋಡ್ ಮಾಡಿ, ಎನೇಬಲ್ --ನೌ. ಇದರ ಜೊತೆ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಇಲ್ಲದಿದ್ದರೆ ನೀವು ಲಾಗ್‌ಔಟ್ ಆದ ಕೂಡಲೇ ಕಂಟೇನರ್ ನಿಲ್ಲುತ್ತದೆ, ಬೂಟ್‌ನಲ್ಲೂ ಏಳುವುದಿಲ್ಲ. ಕಂಟೇನರ್‌ಗೆ ಡೈರೆಕ್ಟರಿ ಜೋಡಿಸಿದ್ದರೆ ಅದರ ಹಾದಿಯ ಕೊನೆಗೆ ದೊಡ್ಡ :ಝಡ್ ಬೇಕು.

ಡಿಸ್ಕ್_ಡಾಕ್ಟರ್

ಚಿಲ್ಲರೆ ಅಂಕ ಸೋರುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಎನ್‌ಎಂಸಿಎಲ್‌ಐನಲ್ಲಿ (ನೆಟ್‌ವರ್ಕ್ ಹೊಂದಿಸುವ ಕಮಾಂಡ್) ವಿಳಾಸದ ಕೊನೆಗೆ /24 ಬಿಟ್ಟರೆ ಅದು /32 ಎಂದುಕೊಳ್ಳುತ್ತದೆ, ಪಕ್ಕದ ಯಂತ್ರವೂ ಸಿಗುವುದಿಲ್ಲ. ಐಪಿವಿ4.ಮೆಥಡ್ ಮ್ಯಾನುಯಲ್ ಮಾಡದಿದ್ದರೆ ಡಿಎಚ್‌ಸಿಪಿ ವಿಳಾಸವೂ ಜೊತೆಗೆ ಉಳಿಯುತ್ತದೆ. ಲಾಗಿನ್.ಡೆಫ್ಸ್‌ನಲ್ಲಿ ಪಾಸ್‌ವರ್ಡ್ ಅವಧಿ ಬದಲಿಸಿದರೆ ಅದು ಇನ್ನು ಮುಂದೆ ಸೃಷ್ಟಿಸುವ ಬಳಕೆದಾರರಿಗೆ ಮಾತ್ರ. ಇರುವವರಿಗೆ ಚೇಜ್ -ಎಂ, ಎಂ ದೊಡ್ಡದು. ಆಟೋಎಫ್‌ಎಸ್‌ಗೆ (ಬೇಕಾದಾಗ ತಾನಾಗಿ ಮೌಂಟ್ ಮಾಡುವ ಸರ್ವೀಸ್) ಆಟೋ.ಮಾಸ್ಟರ್.ಡಿ ಒಳಗೆ ಇಡುವ ಫೈಲಿನ ಹೆಸರು .ಆಟೋಎಫ್‌ಎಸ್ ಎಂದೇ ಮುಗಿಯಬೇಕು, ಇಲ್ಲವಾದರೆ ದೋಷವನ್ನೂ ತೋರಿಸದೆ ಬಿಟ್ಟುಬಿಡುತ್ತದೆ. ಕ್ರೋನಿಯಲ್ಲಿ (ಸಮಯ ಹೊಂದಿಸುವ ಸರ್ವೀಸ್) ಸರ್ವರ್ ಬರೆದ ಮೇಲೆ ಕ್ರೋನಿಸಿ ಸೋರ್ಸಸ್ ನೋಡಿ, ಸಾಲಿನ ಮೊದಲಿಗೆ ^* ಬಂದರೆ ಸಮಯ ಹೊಂದಿಕೊಂಡಿದೆ.

ಮನೆಯಿಂದಲೇ ಪರೀಕ್ಷೆ ಬರೆಯುವುದಾದರೆ ಯುಎಸ್‌ಬಿಯಿಂದ ಬೂಟ್ ಆಗುವ ಅವರದೇ ವ್ಯವಸ್ಥೆ ಬಳಸಬೇಕು, ಹೊರಗಿನ ವೆಬ್‌ಕ್ಯಾಮ್ ಬೇಕು, ಪರದೆ ಒಂದೇ ಇರಬೇಕು. ಹೊಂದಾಣಿಕೆಯ ಪರೀಕ್ಷೆಯನ್ನು ಆ ದಿನ ಬಳಸುವ ಕಂಪ್ಯೂಟರಿನಲ್ಲೇ, ಅದೇ ವೈಫೈ ಅಥವಾ ಕೇಬಲ್‌ನಲ್ಲೇ ಒಂದು ವಾರ ಮೊದಲು ಓಡಿಸಿ. ವೆಬ್‌ಕ್ಯಾಮ್ ಬದಲಿಸಬೇಕಾಗಿ ಬಂದರೆ ಆಗ ಸಮಯ ಇರುತ್ತದೆ.