ಎಂಟಿಟಿ ಟೆಸ್ಟಲ್ಲಿ (ಸೆಲ್ಸ್ ಎಷ್ಟು ಬದುಕಿವೆ ಅಂತ ಬಣ್ಣದಿಂದ ಅಳೆಯೋದು) ಕ್ಯಾನ್ಸರ್ ಸೆಲ್ಸ್ 130% ಬದುಕಿವೆ ಅಂತ ಬರ್ತಿದೆ, ಎಲ್ಲಿ ಎಡವಟ್ಟಾಗಿದೆ?

ಮಲ್ನಾಡ್_ಹುಡ್ಗಿ:
ಎಮ್ಮೆಸ್ಸಿ ಪ್ರಾಜೆಕ್ಟ್‌ಗೆ ಲಕ್ಷ್ಮಣಫಲದ ಎಲೆ ತಗೊಂಡಿದೀನಿ. ನೆರಳಲ್ಲಿ ಒಣಗ್ಸಿ ಪುಡಿ ಮಾಡಿ ಮೆಥನಾಲಲ್ಲಿ ಎಕ್ಸ್‌ಟ್ರಾಕ್ಟ್ ತೆಗ್ದು ಎಂಸಿಎಫ್-7 ಅನ್ನೋ ಸ್ತನ ಕ್ಯಾನ್ಸರ್ ಸೆಲ್ಸ್ ಮೇಲೆ 48 ಗಂಟೆ ಬಿಟ್ಟೆ. 100 ಮೈಕ್ರೋಗ್ರಾಂ/ಎಂಎಲ್ ತನಕ ಸೆಲ್ಸ್ ಕಮ್ಮಿ ಆಗ್ತಾ ಬಂತು, 200 ದಾಟಿದ್ಮೇಲೆ ಉಲ್ಟಾ, 400ಕ್ಕೆ 130%!! ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎಲ್ಲಾ ಗುಂಡಗಾಗಿ ಕಿತ್ಕೊಂಡು ತೇಲ್ತಿವೆ, ಬಣ್ಣ ಅಳೆಯೋ ರೀಡರ್ ಮಾತ್ರ ಆರಾಮಾಗಿವೆ ಅಂತಿದೆ. ಆ ಪಾಯಿಂಟ್ ಬಿಟ್ಟು ಗ್ರಾಫ್ ಹಾಕು ಅಂತಾರೆ ಗೈಡು, ನಂಗ್ಯಾಕೋ ಮನಸ್ಸು ಒಪ್ತಿಲ್ಲ.

ಪ್ಲೇಟ್_ಪುಟ್ಟ:
ಬಿಡ್ಬೇಡಿ! ಬದುಕಿರೋ ಸೆಲ್ಲು ಹಳದಿ ಎಂಟಿಟಿನ ನೇರಳೆ ಮಾಡತ್ತೆ, ಅದನ್ನ 570 ನ್ಯಾನೋಮೀಟರಲ್ಲಿ ಅಳೀತೀವಿ, ಆದ್ರೆ ಎಲೆಲಿರೋ ಪಾಲಿಫಿನಾಲ್‌ಗಳೂ ಅದೇ ಕೆಲ್ಸ ಮಾಡ್ಬಹುದು, ಅದಕ್ಕೆ ಸೆಲ್ಲೇ ಬೇಕಿಲ್ಲ. ಸೆಲ್ ಹಾಕದೆ ಬರೀ ಮೀಡಿಯಾ, ಎಕ್ಸ್‌ಟ್ರಾಕ್ಟು, ಎಂಟಿಟಿ ಹಾಕಿ ನೋಡಿ, ನೇರಳೆ ಬಂದ್ರೆ ಕಳ್ಳ ಸಿಕ್ಕ. ಮುಂದಿನ್ ಸಲ ಎಂಟಿಟಿಗೆ ಮುಂಚೆ ಪಿಬಿಎಸ್ ಅನ್ನೋ ಉಪ್ಪುನೀರಲ್ಲಿ ತೊಳೀರಿ, ಜೊತೆಗೆ ಸೆಲ್ಲಿನ ಪ್ರೋಟೀನ್ ಅಳೆಯೋ ಟೆಸ್ಟು ಎಸ್‌ಆರ್‌ಬಿ ಮಾಡಿ ತಾಳೆ ನೋಡಿ. ಅಂದಹಾಗೆ ಎಕ್ಸ್‌ಟ್ರಾಕ್ಟ್ ಕರಗ್ಸೋಕೆ ಹಾಕಿದ ಡಿಎಂಎಸ್ಓ ಎಷ್ಟಿತ್ತು?

ಮಲ್ನಾಡ್_ಹುಡ್ಗಿ:
ಡಿಎಂಎಸ್ಓಲಿ ಕರಗ್ಸಿಟ್ಟ ಸ್ಟಾಕ್ 20 ಮಿಲಿಗ್ರಾಂ/ಎಂಎಲ್, ಅಂದ್ರೆ 400ರ ವೆಲ್ಲಲ್ಲಿ (ಪ್ಲೇಟಿನ ಗುಳಿ) 2%. ಎಕ್ಸ್‌ಟ್ರಾಕ್ಟ್ ಹಾಕದ ಕಂಟ್ರೋಲಲ್ಲಿ 0.1 ಅಷ್ಟೇ ಇತ್ತು... ಅಯ್ಯೋ.

ಪ್ಲೇಟ್_ಪುಟ್ಟ:
ಸರಿಹೋಯ್ತು 😄 2%ಗೆ ಡಿಎಂಎಸ್ಓನೇ ಸಾಯ್ಸಿರ್ಬಹುದು. ಸ್ಟಾಕ್ 100 ಮಾಡ್ಕೊಳಿ, ಕಂಟ್ರೋಲ್ ಸೇರಿ ಎಲ್ಲಾ ವೆಲ್‌ಗೂ ಒಂದೇ 0.4% ಇರ್ಲಿ. ಕ್ಯಾನ್ಸರ್ ಅಲ್ಲದ ಸೆಲ್ ಮೇಲೂ ಹಾಕಿ, ಅವೂ ಅಷ್ಟೇ ಸತ್ರೆ ಅದು ಬರೀ ವಿಷ.

ಶಿರಸಿ_ಅಣ್ಣ:
ನಡುವೆ ಬಾಯಿ ಹಾಕ್ತಿದೀನಿ, ಕ್ಷಮ್ಸಿ. ನಮ್ಮತ್ತೆಗೆ ಕೀಮೋ ನಡೀತಿದೆ, ಇದೇ ಎಲೆ ಕಷಾಯ ಕೊಡಿ ಅಂತ ದಿನಾ ವಾಟ್ಸಾಪಲ್ಲಿ ಬರತ್ತೆ, ಕೊಡಬಹುದಾ?

ಘಟ್ಟದ_ಗಿಡ:
ಬೇಡ ಅಣ್ಣಾ. ಪ್ಲೇಟಲ್ಲಿ ಸೆಲ್ ಸಾಯೋದೇನು, ಡಿಎಂಎಸ್ಓಗೂ ಸಾಯ್ತವೆ, ಈಗ್ತಾನೆ ಮೇಲೆ ಓದಿದ್ರಲ್ಲ. ನಮ್ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಅನ್ನೋ ಕ್ಯಾನ್ಸರ್ ಸೆಲ್ ಸಾಯ್ಸೋ ಅಂಶ ಇದೆ, ಅದು ಚೀನಾದ ಇನ್ನೊಂದು ಮರದಿಂದ ಸಿಕ್ಕಿದ್ದು 1966ರಲ್ಲೇ, ಆದ್ರೆ ರೋಗಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ರಕ್ತ ಎಲ್ಲಾ ಬಂದು ನಿಲ್ಲಿಸ್ಬೇಕಾಯ್ತು, ಅದನ್ನೇ ತಿದ್ದಿ ತೀಡಿ ಟೋಪೋಟೆಕಾನ್ ಅನ್ನೋ ಕ್ಯಾನ್ಸರ್ ಔಷಧಿ ಮಾಡಿ ಅಮೆರಿಕದಲ್ಲಿ ಒಪ್ಪಿಗೆ ಸಿಗೋಕೆ 1996 ಬಂತು. ಲಕ್ಷ್ಮಣಫಲದಲ್ಲಿರೋ ಅನೋನಾಸಿನ್ ಅನ್ನೋ ಅಂಶ ನರಕ್ಕೆ ಒಳ್ಳೇದಲ್ಲ, ಕೆರಿಬಿಯನ್‌ನ ಗ್ವಾಡೆಲೂಪಲ್ಲಿ ಈ ಹಣ್ಣು, ಎಲೆ ಕಷಾಯ ಬಳಸೋರಲ್ಲಿ ಪಾರ್ಕಿನ್ಸನ್ ತರದ ಕಾಯಿಲೆ ಕಂಡು ಸಂಶೋಧಕರಿಗೆ ಇದ್ರ ಮೇಲೇ ಅನುಮಾನ. ಈಗಾಗ್ಲೇ ಕೊಟ್ಟಿದ್ರೆ ಕೀಮೋ ಡಾಕ್ಟ್ರಿಗೆ ಮುಚ್ಚಿಡ್ದೆ ಹೇಳ್ಬಿಡಿ.

ಮಲ್ನಾಡ್_ಹುಡ್ಗಿ:
ಅಪ್ಡೇಟ್: ಸೆಲ್ ಇಲ್ದಿರೋ ವೆಲ್ಲು ನೇರಳೆಹಣ್ಣಿನ ಬಣ್ಣ!! ಪ್ಲೇಟ್ ತಗೊಂಡೋಗಿ ಗೈಡ್ ಟೇಬಲ್ ಮೇಲೆ ಇಟ್ಟೆ. ಮತ್ತೆ ಮೊದ್ಲಿಂದ ಶುರು, ಸಬ್ಮಿಷನ್‌ಗೆ 3 ವಾರ ಇದೆ.